ಇಲ್ಲದ ಸದ್ದಿಗೊಂದು ಟೆಸ್ಟ್ ಡ್ರೈವ್

"ಕೀ ಕೊಡಲ್ಲ."

ಅಷ್ಟೇ ಹೇಳಿ ಅವನು ಅವಳ ಕಾರಿನ ಕೀಯನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ವರ್ಕ್‌ಶಾಪಿಗೆ ಬಂದಿದ್ದು ಬರೀ ವೈಪರ್ ಬದಲಿಸಲು. ಮಂಡಿ, ಸೊಂಟ, ಭುಜ ಹಿಡಿದುಕೊಂಡವರ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಅವಳು. ಹತ್ತು ಗಂಟೆಗೆ ಒಬ್ಬರು, ಹನ್ನೊಂದೂವರೆಗೆ ಇನ್ನೊಬ್ಬರು ಕಾದು ಕುಳಿತಿದ್ದರು. ಈ ಮನುಷ್ಯ ನೋಡಿದರೆ ವೈಪರ್ ಹಾಕಿ, ಗಾಡಿಯನ್ನು ನಾಲ್ಕು ಮಾರು ಹಿಂದಕ್ಕೆ ತೆಗೆದವನೇ ಮುಖ ಸಿಂಡರಿಸಿಕೊಂಡು ಕೆಳಗಿಳಿದಿದ್ದ.

"ನನ್ನ ಗಾಡಿ, ನನ್ನ ಕೀ. ಕೊಡಲ್ಲ ಅನ್ನೋಕೆ ನೀವ್ಯಾರ್ರೀ?"

ಅವನು ಜಾಕ್ ಹಾಕಿ ಗಾಡಿ ಎತ್ತಿದ. ಮುಂದಿನ ಚಕ್ರ ಬಿಚ್ಚಿದ. ಒಳಗಿಂದ ಏನನ್ನೋ ಕಳಚಿ, ಬಟ್ಟೆಯಲ್ಲಿ ಒರೆಸಿ, ಅವಳ ಎಡ ಅಂಗೈ ಮೇಲಿಟ್ಟ. ಬಲ ಅಂಗೈ ಮೇಲೆ ಹೊಸದೊಂದನ್ನು ಇಟ್ಟ.

"ಬ್ರೇಕ್ ಪ್ಯಾಡು. ಬಲಗೈಲಿರೋದು ಹೊಸದು, ಎಡಗೈಲಿರೋದು ನಿಮ್ದು. ಎಷ್ಟು ಉಳಿದಿದೆ ಅಂತ ನೀವೇ ನೋಡಿ. ಆಮೇಲೂ ಕೀ ಬೇಕು ಅಂದ್ರೆ ತಗೊಳ್ಳಿ."

ಹೊಸದು ಬೆರಳು ದಪ್ಪ ಇತ್ತು. ಅವಳದು ಸವೆದು ಸವೆದು ರಟ್ಟಿನಷ್ಟಾಗಿತ್ತು. ಇದನ್ನೇ ನಂಬಿಕೊಂಡು ನಿನ್ನೆ ಅಮ್ಮನನ್ನು ಕೂರಿಸಿಕೊಂಡು ಗುಡ್ಡ ಇಳಿದಿದ್ದೆನಾ ಎಂದು ನೆನೆದು ಅವಳು ಎಡ ಅಂಗೈಯನ್ನು ಕಣ್ಣಿನ ಹತ್ತಿರ ತಂದಳು. ತಲೆ ಎತ್ತಿದಾಗ ಅವನು ಅವಳನ್ನೇ ನೋಡುತ್ತಿದ್ದ. ಗೆದ್ದೆ ಎನ್ನುವ ನೋಟವಲ್ಲ ಅದು... ಅವಳಿಗಾಗಿ ಹೆದರಿದವನ ನೋಟ.

ಅಪ್ಪ ಹೋದ ಮೇಲೆ ಅವಳಿಗಾಗಿ ಹಾಗೆ ಹೆದರಿದವರು ಯಾರೂ ಇರಲಿಲ್ಲ. ಹತ್ತು ಗಂಟೆಯವರಿಗೂ ಹನ್ನೊಂದೂವರೆಯವರಿಗೂ ಫೋನ್ ಮಾಡಿ, ಇವತ್ತು ಬರಲಾಗುವುದಿಲ್ಲ ಎಂದುಬಿಟ್ಟಳು.

ಊರವರು ಅವನನ್ನು ಕರೆಯುವುದೇ 'ಬ್ರೇಕ್ ಮೇಷ್ಟ್ರು' ಎಂದು. ಹಳೆಯ ಭಾಗವನ್ನು ಗಿರಾಕಿಯ ಅಂಗೈ ಮೇಲಿಟ್ಟು ಪಾಠ ಹೇಳದೆ ಅವನು ಯಾರನ್ನೂ ಬಿಟ್ಟವನಲ್ಲ. ರಿಪೇರಿ ಆದ ಮೇಲೆ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಒಂದು ಸುತ್ತು ಹೋಗಿಬರಬೇಕು. ಗಾಡಿಯ ದನಿ ಅದರ ಯಜಮಾನರಿಗೆ ಗೊತ್ತಿದ್ದಷ್ಟು ಮೆಕ್ಯಾನಿಕ್‌ಗೆ ಗೊತ್ತಿರುವುದಿಲ್ಲ ಎನ್ನುವುದು ಅವನ ವಾದ. ಸುತ್ತು ಮುಗಿದ ಮೇಲೆ ಆ ಗಾಡಿಯ ಹಳದಿ ಕಾರ್ಡಿನಲ್ಲಿ ಒಂದು ಸಾಲು ಬರೆಯುತ್ತಿದ್ದ. ಲೆಕ್ಕದ ಮೇಜಿನ ಹಿಂದೆ ಕೂರುವ ಅವನ ಅಕ್ಕ ಆ ಕಾರ್ಡುಗಳನ್ನು ಜೋಪಾನ ಮಾಡುತ್ತಿದ್ದಳು.

ಆ ಮೊದಲ ಸುತ್ತಿನಲ್ಲೇ ನಮ್ಮ ಹುಡುಗಿ ಕೆಟ್ಟಳು!

ಕಿಟಕಿ ಇಳಿಸಿ, ಕತ್ತು ವಾಲಿಸಿ, ಗಾಡಿಯ ಸದ್ದಿಗೆ ಕಿವಿಗೊಟ್ಟು ಓಡಿಸುವ ಅವನ ಪಕ್ಕ ಅವಳು ಉಸಿರು ಬಿಗಿಹಿಡಿದು ಕೂತಿದ್ದಳು. 'ಇಷ್ಟು ಗಮನ ಕೊಟ್ಟು ನನ್ನ ಮಾತನ್ನು ಯಾರಾದರೂ ಕೇಳಿದ್ದಾರಾ?' ಅನ್ನಿಸಿತು.

ಎರಡು ವಾರಕ್ಕೆಲ್ಲ ಅವಳ ಕಾರಿನಲ್ಲಿ 'ಕಿರ್' ಎಂದಿತು. ಆಮೇಲೆ 'ಟಕ್ ಟಕ್' ಎಂದಿತು. ಒಮ್ಮೆ 'ಗುಂಯ್' ಅಂತ ಕೂಡ ಅಂದಿತು. ಪಾಪ, ಆ ಕಾರು ಏನೂ ಅಂದಿರಲಿಲ್ಲ. ಅಂದಿದ್ದೆಲ್ಲ ಅವಳ ಮನಸ್ಸು.

"ಆ ಮುದುಕ ಕಾರಿಗೆ ಬುಧವಾರ ಬುಧವಾರ ಮಾತ್ರ ಯಾಕೇ ಕೆಮ್ಮು ಬರುತ್ತೆ?" ಎಂದು ಅಮ್ಮ ಕೇಳಿದಳು. ಬುಧವಾರ ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಗಿರಾಕಿಗಳು ಕಡಿಮೆ ಎನ್ನುವುದು ಅಮ್ಮನಿಗೂ ಗೊತ್ತಿತ್ತು.

ಅವನು ಮಾತ್ರ ಒಂದು ದಿನವೂ ನಗಲಿಲ್ಲ, ಅನುಮಾನ ಪಡಲಿಲ್ಲ. "ಬನ್ನಿ ಡಾಕ್ಟ್ರೇ, ಕೇಳೋಣ" ಎಂದು ಕೀ ತೆಗೆದುಕೊಳ್ಳುತ್ತಿದ್ದ. ನಾನು ಡಾಕ್ಟರ್ ಅಲ್ಲ ಎಂದು ಅವಳು ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ದಾರಿಯಲ್ಲಿ ಮೂರನೇ ಬೀದಿಯ ಅಜ್ಜಿಯ ಮಂಡಿ ಹೇಗಿದೆ ಎಂದು ವಿಚಾರಿಸುತ್ತಿದ್ದ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದಿದ್ದರೆ ಏನು ಮಾಡಬೇಕು ಎಂದು ಪಾಠ ಹೇಳುತ್ತಿದ್ದ. ಒಮ್ಮೆ ದಿಬ್ಬದ ಮೇಲೆ ಇಂಜಿನ್ ಆಫ್ ಮಾಡಿ ಸುಮ್ಮನೆ ಕೂತ. ಅವಳ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಇವನಿಗೆ ಈ ಸದ್ದು ಕೇಳಿಸಿಬಿಟ್ಟರೆ ಗತಿಯೇನು ಎಂದು ಹೆದರಿದಳು.

ಹದಿನಾಲ್ಕನೆಯ ಸಲ ಸದ್ದಿನ ನೆಪ ಹೇಳಿ ಹೋದಾಗ ಎಲ್ಲವೂ ತಲೆಕೆಳಗಾಯಿತು.

ಅವತ್ತು ಅವನು ಚಕ್ರ ಬಿಚ್ಚಿ, ಪ್ಯಾಡುಗಳು ಕಚ್ಚಿ ಹಿಡಿಯುವ ಡಿಸ್ಕಿನ ಅಂಚನ್ನು ಉಗುರಿನಿಂದ ಗೀರಿ ನೋಡಿದ. ಇನ್ನೊಂದು ಚಕ್ರವನ್ನೂ ಬಿಚ್ಚಿ ಹಾಗೆಯೇ ನೋಡಿದ.

"ಡಿಸ್ಕ್ ಸವೆದುಹೋಗಿದೆ. ಈ ಮಾಡೆಲ್ ನಿಂತು ವರ್ಷಗಳಾಯ್ತು, ಇದರದ್ದು ಈಗ ಬರಲ್ಲ. ಇನ್ನೆರಡು ತಿಂಗಳು ಓಡುತ್ತೆ. ಅಷ್ಟರಲ್ಲಿ ಮಾರಿಬಿಡಿ."

"ಇದು ಅಪ್ಪನ ಗಾಡಿ..."

"ಗೊತ್ತು. ಆದ್ರೂ ಮಾರಿಬಿಡಿ."

ಅವನು ಅವಳ ಮುಖ ನೋಡಲಿಲ್ಲ.

ಮೇಜಿನ ಮೇಲೆ ಅವಳ ಕಾರ್ಡು ಅರ್ಧ ಬೇರೆ ಕಾಗದಗಳಡಿ ಸಿಕ್ಕಿಕೊಂಡು ಬಿದ್ದಿತ್ತು. ಕಣ್ಣಿಗೆ ಬಿದ್ದದ್ದು ಎಡಗಡೆಯ ಸಾಲುಗಳಷ್ಟೇ. 'ಸದ್ದು ಇಲ್ಲ. ಸದ್ದು ಇಲ್ಲ. ಸದ್ದು ಇಲ್ಲ...' ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳ ಮುಖ ಕೆಂಪಾಯಿತು. 'ಎಲ್ಲ ಗೊತ್ತಾಗಿದೆ ಇವನಿಗೆ. ಗಾಡಿ ಇದ್ದರೆ ತಾನೇ ಈ ಹುಡುಗಿ ಬರುವುದು ಎಂದು, ಮಾರು ಅನ್ನುತ್ತಿದ್ದಾನೆ. ಬರಬೇಡ ಎಂದು ನೇರವಾಗಿ ಹೇಳಲಾರದೆ ಹೀಗೆ...'

ಕೀ ತೆಗೆದುಕೊಂಡು ಹೊರಟವಳು ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಗೇಟಿನವರೆಗೂ ಬಂದು ನಿಂತಿದ್ದ.

ಬುಧವಾರಗಳು ಬಂದವು, ಹೋದವು. ಅವಳು ವರ್ಕ್‌ಶಾಪಿನ ರಸ್ತೆ ಬಿಟ್ಟು ಸುತ್ತುದಾರಿ ಹಿಡಿದಳು. ಎಲ್ಲಾದರೂ ಚಕ್ರ ಬಿಚ್ಚುವ ಸದ್ದು ಕೇಳಿದರೆ ಕತ್ತು ತಾನಾಗಿ ತಿರುಗುತ್ತಿತ್ತು. ರೇಡಿಯೋ ಹಾಕುವುದನ್ನೇ ಬಿಟ್ಟಳು. ಅವನು ಕೂರುತ್ತಿದ್ದ ಹಾಗೆ ಕಿಟಕಿ ಇಳಿಸಿ, ಕತ್ತು ವಾಲಿಸಿ ಓಡಿಸತೊಡಗಿದಳು. ಇಷ್ಟು ಬೇಕಾಗಿರುವ ಮನುಷ್ಯ ಎರಡೇ ಕಿಲೋಮೀಟರ್ ದೂರದಲ್ಲಿದ್ದಾನೆ, ಹೋಗಿ ನೋಡುವ ಹಾಗಿಲ್ಲ. ಅದಕ್ಕಿಂತ ಅವನು ದೂರದೇಶದಲ್ಲಿದ್ದಿದ್ದರೇ ವಾಸಿಯಿತ್ತು.

"ಗಾಡಿ ಗುಣವಾಯ್ತಾ, ನೀನು ಹುಷಾರು ತಪ್ಪಿದ್ಯಾ?" ಎಂದು ಅಮ್ಮ ಮೆಲ್ಲಗೆ ಕೇಳಿದಾಗ, ಅವಳು ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಆಮೇಲೊಂದು ಬೆಳಿಗ್ಗೆ ನಿಜವಾದ ಸದ್ದು ಬಂತು.

ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಚಕ್ರದಿಂದ ಕೀಂಯ್ ಎಂಬ ಕೀರಲು. ಅವನೇ ಹೇಳಿಕೊಟ್ಟಿದ್ದ, ಪ್ಯಾಡು ಸವೆದು ತೆಳ್ಳಗಾದಾಗ ಅದರಲ್ಲಿರುವ ಚಿಕ್ಕ ತಗಡು ಡಿಸ್ಕಿಗೆ ತಾಗಿ ಹಾಗೆ ಕೂಗುತ್ತದೆ ಎಂದು. ಅವಳಿಗೆ ನಗು ಬಂತು, ಹಿಂದೆಯೇ ಅಳು ಬಂತು. 'ಈಗ ಹೋಗಿ ಸದ್ದು ಬರುತ್ತಿದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ಹದಿನೈದನೆಯ ಸುಳ್ಳು ಅಂದುಕೊಳ್ಳುತ್ತಾನೆ!'

ಬೇರೆ ಗ್ಯಾರೇಜಿಗೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೋದಳು, ಬಾಗಿಲವರೆಗೆ. ಆ ಚಕ್ರವನ್ನು ಇನ್ನೊಬ್ಬರು ಬಿಚ್ಚುವುದನ್ನು ನೋಡಲಾಗದೆ ಗಾಡಿ ತಿರುಗಿಸಿಕೊಂಡು ಬಂದಳು. 'ನೋವು ಶುರುವಾಗಿ ಎಷ್ಟು ದಿನವಾಯಿತು, ಯಾಕೆ ಮೊದಲೇ ಹೇಳಲಿಲ್ಲ' ಎಂದು ದಿನಾ ರೋಗಿಗಳನ್ನು ಗದರುವ ಹುಡುಗಿ ಇವಳು! ನಾಳೆ ನಾಳೆ ಎನ್ನುತ್ತ ಇಪ್ಪತ್ತು ದಿನ ಕಳೆದಳು. ಕೀರಲು ಹೋಗಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗರಗರ ಬಂತು.

ಇಪ್ಪತ್ತೊಂದನೆಯ ದಿನ ಗುಡ್ಡದ ಮೇಲಿನ ಮನೆಯೊಂದರಿಂದ ಇಳಿಯುತ್ತಿದ್ದಳು. ಇಳಿಜಾರಿನ ತುದಿಯಲ್ಲಿ ಬಸ್ ನಿಲ್ದಾಣ, ಅಲ್ಲಿ ಏಳೆಂಟು ಜನ. ಬ್ರೇಕ್ ಒತ್ತಿದಳು. ಪೆಡಲು ತಳಕ್ಕೆ ಇಳಿದುಹೋಯಿತು.

ಮತ್ತೆ ಒತ್ತಿದಳು. ಏನೂ ಇಲ್ಲ!

ನಿಲ್ದಾಣ ಹತ್ತಿರವಾಗುತ್ತಿತ್ತು. ಆಗ ಪಕ್ಕದ ಖಾಲಿ ಸೀಟಿನಿಂದಲೇ ಬಂದಂತೆ ಅವನ ದನಿ ನೆನಪಾಯಿತು. ಗಾಬರಿಯಾಗ್ಬೇಡಿ ಡಾಕ್ಟ್ರೇ, ಗೇರ್ ಇಳಿಸಿ. ಮೂರು. ಎರಡು. ಹ್ಯಾಂಡ್ ಬ್ರೇಕ್ ಒಂದೇ ಸಲ ಎಳೀಬೇಡಿ, ಸ್ವಲ್ಪ ಸ್ವಲ್ಪ...

ಕಾರು ಕೂಗಿತು, ಓಲಾಡಿತು, ರಸ್ತೆಬದಿಯ ಕಲ್ಲಿಗೆ ಚಕ್ರ ಉಜ್ಜಿಕೊಂಡು ನಿಂತಿತು. ನಿಲ್ದಾಣದ ಜನ ಓಡಿಬಂದರು. ಅವಳು ಅವನ ನಂಬರ್ ಇದ್ದೂ ಒಂದು ದಿನವೂ ಮಾಡದಿದ್ದ ಫೋನ್ ಮಾಡಿದಳು.

"ಬ್ರೇಕ್ ಹಿಡೀಲಿಲ್ಲ..."

"ಎಲ್ಲಿ?" ಎಂದನವನು. ಬೇರೇನೂ ಕೇಳಲಿಲ್ಲ.

ಸ್ಕೂಟರಿನಲ್ಲಿ ಬಂದವನು ಕಾರಿನತ್ತ ಕಣ್ಣೂ ಹಾಯಿಸಲಿಲ್ಲ. ಅವಳ ಹಣೆ, ಕೈ, ಮೊಣಕೈ ಒಂದೊಂದಾಗಿ ನೋಡಿದ. ಏನೂ ಆಗಿಲ್ಲ ಎಂದು ಖಚಿತವಾದ ಮೇಲೆ ರಸ್ತೆಬದಿಯ ಕಲ್ಲಿನ ಮೇಲೆ ಕುಕ್ಕರಿಸಿ ಕೂತುಬಿಟ್ಟ.

ಕಾರನ್ನು ಎಳೆಸಿಕೊಂಡು ವರ್ಕ್‌ಶಾಪಿಗೆ ತಂದದ್ದಾಯಿತು. ಚಕ್ರ ಬಿಚ್ಚಿ, ಪ್ಯಾಡನ್ನು ಅವಳ ಅಂಗೈ ಮೇಲಿಟ್ಟ. ಈ ಸಲ ರಟ್ಟಿನಷ್ಟೂ ಉಳಿದಿರಲಿಲ್ಲ, ಬರೀ ಕಬ್ಬಿಣದ ತಗಡು. ಪ್ಯಾಡನ್ನು ಒತ್ತುವ ಪಿಸ್ಟನ್ ಮಿತಿಮೀರಿ ಹೊರಬಂದು, ಅದರ ಸೀಲ್ ಬಿಟ್ಟು, ಬ್ರೇಕ್ ಆಯಿಲ್ ಎಲ್ಲ ಸೋರಿಹೋಗಿತ್ತು.

"ಎಷ್ಟು ದಿನದಿಂದ ಸದ್ದು ಬರ್ತಿತ್ತು?"

"ಇಪ್ಪತ್ತು ದಿನ."

"ಯಾಕೆ ಮೊದಲೇ ಬರ್ಲಿಲ್ಲ?"

"ಹದಿನಾಲ್ಕು ಸಲ ಸುಳ್ಳು ಹೇಳಿ ಬಂದಿದ್ದೆ. ನಿಜ ಹೇಳಿದ್ರೆ ನಂಬ್ತೀರಾ? ನೀವೇ ತಾನೇ ಗಾಡಿ ಮಾರಿಬಿಡಿ ಅಂದಿದ್ದು... ಇನ್ನು ಬರಬೇಡ ಅಂತ ತಿಳ್ಕೊಂಡೆ."

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಅಷ್ಟರಲ್ಲಿ ಅಕ್ಕ ಎದ್ದು ಬಂದು ಹಳದಿ ಕಾರ್ಡನ್ನು ಅವಳ ಕೈಗಿತ್ತಳು.

"ಇವನು ಬಾಯಿಬಿಟ್ಟು ಹೇಳೋ ಪೈಕಿ ಅಲ್ಲ. ಪೂರ್ತಿ ಓದಮ್ಮ, ಬಲಗಡೇದೂ."

ಎಡಗಡೆ ಅದೇ 'ಸದ್ದು ಇಲ್ಲ'. ಬಲಗಡೆ ಪ್ರತಿ ಸಲ ಟೆಸ್ಟ್ ಡ್ರೈವ್ ಹೋದ ದೂರ. ಎರಡು ಕಿಲೋಮೀಟರ್. ಮೂರು. ಐದು. ಒಂಬತ್ತು. ಹದಿನಾಲ್ಕು. ಕೊನೆಯ ಸಾಲಿನಲ್ಲಿ ಇಪ್ಪತ್ತೆರಡು.

"ಬೇರೆಯವರ ಕಾರ್ಡ್ ತೆಗೆದು ನೋಡು, ಎಲ್ಲರಿಗೂ ಎರಡೇ," ಎಂದಳು ಅಕ್ಕ. "ಇಲ್ಲದ ಸದ್ದು ಹುಡುಕ್ಕೊಂಡು ಇಪ್ಪತ್ತೆರಡು ಕಿಲೋಮೀಟರ್ ಹೋದವನು ಇವನೊಬ್ಬನೇ."

ಅವನು ಕಿವಿಯವರೆಗೂ ಕೆಂಪಾಗಿ ಬೆಂಚಿನಡಿಗೆ ಬಗ್ಗಿದ. ಎಣ್ಣೆ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಎಳೆದ. ಒಳಗೆ ಅವಳ ಕಾರಿನವೇ ಎರಡು ಹೊಚ್ಚ ಹೊಸ ಡಿಸ್ಕುಗಳು. ಹಳೆ ಬಿಡಿಭಾಗಗಳ ಅಂಗಡಿಗಳನ್ನೆಲ್ಲ ಜಾಲಾಡಿ, ಬಾಗಿಲು ಹಾಕುತ್ತಿದ್ದ ಒಂದು ಅಂಗಡಿಯ ಅಟ್ಟದಿಂದ ತಂದಿದ್ದನಂತೆ. ತಂದು ಆರು ವಾರವಾಗಿತ್ತು.

ಡಿಸ್ಕು, ಪ್ಯಾಡು, ಸೀಲು ಎಲ್ಲ ಹಾಕಿದ್ದಾಯಿತು. ಕೊನೆಯಲ್ಲಿ ಬ್ರೇಕ್ ಕೊಳವೆಯೊಳಗಿನ ಗಾಳಿ ತೆಗೆಯಬೇಕು. ಅದು ಒಬ್ಬರ ಕೆಲಸವಲ್ಲ. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ತಿರುಪು ಸಡಿಲಿಸಿ ಬಿಗಿಯಬೇಕು. ದಿನಾ ಪೆಡಲ್ ಒತ್ತುವುದು ಅಕ್ಕ.

"ಇವತ್ತು ನಂಗೆ ಸೊಂಟ ನೋವು," ಎಂದಳು ಅಕ್ಕ. "ನೀನೇ ಹೇಳಮ್ಮ, ಸೊಂಟ ನೋವಿರೋರು ಪೆಡಲ್ ಒತ್ತಬಹುದಾ?" ಎನ್ನುತ್ತ ಹುಡುಗಿಯಂತೆ ಸರಸರ ನಡೆದು ಒಳಗೆ ಹೋದಳು.

ಅವಳು ಡ್ರೈವರ್ ಸೀಟಿನಲ್ಲಿ ಕೂತಳು. ಚಕ್ರದ ಮರೆಯಲ್ಲಿ ಅವನು ಕಾಣುತ್ತಿರಲಿಲ್ಲ. ಮುಖ ಕಾಣದ್ದೇ ಒಳ್ಳೆಯದಾಯಿತೇನೋ, ಅವನಿಗೆ ಮಾತು ಬಂತು.

"ಒತ್ತಿ ಹಿಡೀರಿ... ಬಿಡಿ. ನೀವು ಈ ಗಾಡೀಲಿ ಹೋದಾಗೆಲ್ಲ, ಮನೆ ಸೇರಿದ್ರೋ ಇಲ್ವೋ ಅಂತ ನಂಗೆ ಊಟ ಸೇರ್ತಿರ್ಲಿಲ್ಲ. ಅದಕ್ಕೆ ಮಾರಿ ಅಂದೆ. ಅಪ್ಪನ ಗಾಡಿ ಅಂದಾಗ ನಿಮ್ಮ ದನಿ ನಡುಗಿದ್ದು ಕೇಳಿ ಡಿಸ್ಕ್ ಹುಡುಕೋಕೆ ಹೊರಟೆ. ಒತ್ತಿ..."

"ಸಿಕ್ಕ ಮೇಲೆ ಯಾಕೆ ಫೋನ್ ಮಾಡ್ಲಿಲ್ಲ?"

"ಬಿಡಿ. ಡಿಸ್ಕ್ ಸಿಕ್ತು ಅಂದ್ರೆ ನೀವು ಡಿಸ್ಕಿಗೋಸ್ಕರ ಬರ್ತಿದ್ರಿ. ನಂಗೋಸ್ಕರ ಬರ್ತೀರೇನೋ ಅಂತ ಕಾಯ್ತಾ ಕೂತೆ. ಸವೆದ ಡಿಸ್ಕಿಗೆ ಪ್ಯಾಡು ಬೇಗ ಸವೆಯುತ್ತೆ ಅಂತ ಗೊತ್ತಿದ್ದೂ ಕಾದೆ. ಇವತ್ತು ನಿಮಗೇನಾದ್ರೂ ಆಗಿದ್ದಿದ್ರೆ..."

ಅವಳ ಕಣ್ಣು ಮಂಜಾಯಿತು. ಕಾಲು ಪೆಡಲಿನ ಮೇಲೆಯೇ ಇತ್ತು.

"ಆ ಸದ್ದೆಲ್ಲ ನೆಪ. ನಿಮ್ಮನ್ನ ನೋಡೋಕೆ ಬರ್ತಿದ್ದೆ."

"ಗೊತ್ತಿತ್ತು. ಗೊತ್ತು ಅಂದ್ರೆ ಎಲ್ಲಿ ಬರೋದು ನಿಲ್ಲಿಸ್ತೀರೋ ಅಂತ ಸುಮ್ನಿದ್ದೆ. ನೀವಿಲ್ಲದ ಬುಧವಾರ ನಂಗೆ ಸಾಕಾಗಿದೆ ಡಾಕ್ಟ್ರೇ. ಇನ್ನೊಂದು ಬೇಡ... ಈಗ ಒತ್ತಿ ನೋಡಿ."

ಒತ್ತಿದಳು. ಪೆಡಲು ಅರ್ಧಕ್ಕೆ ಬಂದು ಗಟ್ಟಿಯಾಗಿ ನಿಂತಿತು.

ಅವನು ಎದ್ದು, ಕೈ ಒರೆಸಿಕೊಂಡು, ಕಿಟಕಿಯ ಹತ್ತಿರ ಬಂದ. ಅವನ ಕಣ್ಣೂ ಒದ್ದೆಯಾಗಿತ್ತು. ಮನೆಗೆ ಹೋಗಿ ಅಮ್ಮನಿಗೆ ಹೇಳಬೇಕು ಎನ್ನುತ್ತ ಅವಳು ಕೀಗಾಗಿ ಅಂಗೈ ಚಾಚಿದಳು. ಆ ಅಂಗೈ ಮೇಲೆ ಅವನು ಈ ಸಲ ಸವೆದದ್ದನ್ನೂ ಇಡಲಿಲ್ಲ, ಹೊಸದನ್ನೂ ಇಡಲಿಲ್ಲ. ತನ್ನ ಕೈಯನ್ನೇ ಇಟ್ಟ.

"ಕೀ ಕೊಡಲ್ಲ," ಎಂದ. "ಟೆಸ್ಟ್ ಡ್ರೈವ್ ಆಗಿಲ್ಲ. ಪಕ್ಕಕ್ಕೆ ಸರೀರಿ."

ಅವಳು ಅಳುತ್ತಲೇ ನಕ್ಕು ಪಕ್ಕದ ಸೀಟಿಗೆ ಸರಿದಳು. "ಎಷ್ಟು ದೂರ?"

ಅವನು ಕಿಟಕಿ ಇಳಿಸಿ, ಕತ್ತು ವಾಲಿಸಿ, ಗಾಡಿ ಚಾಲೂ ಮಾಡಿದ.

"ಸದ್ದು ಬರೋವರೆಗೂ."