ಬಿಚ್ಚದೇ ಉಳಿದ ಕೊನೆಯ ಕಂಪ್ಯೂಟರ್

"ಆ ಸ್ಕ್ರೂಡ್ರೈವರ್ ಕೆಳಗಿಡಿ."

ಅವಳು ಬೆಚ್ಚಿದಳು. ಸಂಗ್ರಹಾಲಯದ ಆ ಹಳೆಯ ಕಂಪ್ಯೂಟರಿನ ಹಿಂದೆ ಮಂಡಿಯೂರಿ ಕೂತಿದ್ದಳು. ಎರಡು ಸ್ಕ್ರೂ ಆಗಲೇ ಅಂಗೈಯಲ್ಲಿದ್ದವು.

ಎದುರಿಗೆ ನಿಂತವನು ಅಲ್ಲಿನ ಉಸ್ತುವಾರಿ. ಕಣ್ಣಲ್ಲಿ ಕೋಪಕ್ಕಿಂತ ಗಾಬರಿ ಹೆಚ್ಚಿತ್ತು.

"ಕೇಳಬಹುದಿತ್ತಲ್ಲ?"

"ಕೇಳಿದ್ರೆ ಕೊಡ್ತಿದ್ರಾ?"

"ಇಲ್ಲ."

"ಮತ್ತೆ?"

ಅವಳು ಎದ್ದು ನಿಂತಳು. "ಆಪರೇಷನ್ ಆಗಿ ಅಕ್ಕನ ಮಾತು ಹೋಯ್ತು. ಆವಾಗಿಂದ ಇಂಥದ್ದೇ ಕಂಪ್ಯೂಟರಲ್ಲಿ ಟೈಪ್ ಮಾಡ್ತಾಳೆ, ಅದು ಓದಿ ಹೇಳುತ್ತೆ. ಇಪ್ಪತ್ತೆರಡು ವರ್ಷ... ಈಗ ಆ ದನಿಯ ಚಿಪ್ ಸುಟ್ಟುಹೋಗಿದೆ."

"ಈಗ ಫೋನೇ ಮಾತಾಡುತ್ತಲ್ಲ?"

"ಕೊಟ್ಟೆ. ಒಂದು ಸಾಲು ಕೇಳಿ ಬೋರಲು ಹಾಕಿದ್ಲು. ಅದು ಯಾರದೋ ದನಿ ಅಲ್ವಾ... ಹನ್ನೊಂದು ದಿನದಿಂದ ಗೋಡೆ ಕಡೆ ತಿರುಗಿ ಮಲಗಿದಾಳೆ. ಊಟಾನೂ ಬೇಡ, ನಾನೂ ಬೇಡ."

ಅವನು ತಲೆ ತಗ್ಗಿಸಿದ. "ಈ ಮಾದರೀಲಿ ಬಿಚ್ಚದೇ ಉಳಿದಿರೋದು ಇದೊಂದೇ. ಚಿಪ್ ಕಿತ್ರೆ ಇದು ಬರೀ ಡಬ್ಬ."

"ಸರಿ. ಇದು ಚೆನ್ನಾಗಿರ್ಲಿ. ನನ್ನ ಅಕ್ಕ ಹೇಗಾದ್ರೂ ಸಾಯ್ಲಿ."

ಸ್ಕ್ರೂಗಳನ್ನು ಅವನ ಕೈಗೆ ತುರುಕಿ ಹೊರಟಳು.

ಮರುದಿನ ಮನಸ್ಸು ತಡೆಯದೆ ಬೇಡಿಕೊಳ್ಳಲೆಂದು ಮತ್ತೆ ಬಂದಳು. ಕಂಪ್ಯೂಟರಿದ್ದ ಜಾಗ ಖಾಲಿ!

"ಸಾಹೇಬ್ರು ಒಳಗೆ ಇಟ್ಕೊಂಡಿದಾರೆ. ಯಾರನ್ನೂ ಬಿಡಬೇಡ ಅಂದ್ರು," ಎಂದ ಕಾವಲುಗಾರ.

*ನನ್ನಿಂದ ಬಚ್ಚಿಟ್ಟ... ಕಲ್ಲಾದರೂ ಕರಗೀತು, ಈ ಮನುಷ್ಯ ಕರಗಲ್ಲ.*

ನಾಲ್ಕನೆಯ ದಿನ ಅವನೇ ಮನೆ ಬಾಗಿಲಲ್ಲಿ ನಿಂತಿದ್ದ. ಕಣ್ಣು ಕೆಂಪಾಗಿತ್ತು, ಕೈಯಲ್ಲೊಂದು ಪುಟ್ಟ ಡಬ್ಬಿ.

"ಮನೆ ಹೇಗೆ ಗೊತ್ತಾಯ್ತು?"

"ಸಂದರ್ಶಕರ ಪುಸ್ತಕದಲ್ಲಿ ಬರೆದಿದ್ರಲ್ಲ. ವಿಳಾಸ ಬರೆದಿಟ್ಟು ಕದಿಯೋಕೆ ಬಂದವರು ನೀವೇ ಮೊದಲು."

ಅವಳಿಗೆ ನಗು ಬರಲಿಲ್ಲ. ಅವನ ದನಿ ಕುಗ್ಗಿತು.

"ಬಿಚ್ಚಿದೆ. ಒಳಗಿದ್ದದ್ದು ಇದ್ದ ಹಾಗೇ ಇರ್ಲಿ ಅಂತ ಬ್ಯಾಟರೀನೂ ತೆಗೀದೆ ಒಂಬತ್ತು ವರ್ಷ ಮುಚ್ಚಿಟ್ಟಿದ್ದೆ. ಅದು ಸೋರಿ ಬೋರ್ಡನ್ನೇ ತಿಂದುಹಾಕಿದೆ. ಉಳಿಸ್ತೀನಿ ಅಂತ ನಾನೇ ಕೊಂದೆ... ಚಿಪ್‌ನ ಕಾಲುಗಳಲ್ಲಿ ಮೂರು ಸವೆದುಹೋಗಿತ್ತು. ತಂತಿ ಬೆಸೆದಿದೀನಿ. ಮಾತಾಡುತ್ತೋ ಇಲ್ವೋ, ಗೊತ್ತಿಲ್ಲ."

ಒಳಗೆ ಬಂದು ಅಕ್ಕನ ಕಂಪ್ಯೂಟರಿಗೆ ಚಿಪ್ ಕೂರಿಸಿದ. ಅವಳು ಕೀಲಿಮಣೆಯನ್ನು ಅಕ್ಕನ ಕೈಗೆ ತಾಗಿಸಿದಳು.

"ಅಕ್ಕಾ... ಒಂದೇ ಒಂದ್ಸಲ."

ಅಕ್ಕ ಅಲುಗಲಿಲ್ಲ. ಆಮೇಲೆ ಒಂದು ಬೆರಳು ನಿಧಾನವಾಗಿ ಕೀಲಿಗಳ ಮೇಲೆ ಹರಿಯಿತು. ಕರಕರ ಸದ್ದು... ಮತ್ತೆ ಮೌನ... ಕೊನೆಗೆ ಆ ಒರಟು ದನಿ:

"ಪುಟ್ಟೀ. ಎಲ್ಲಿ ಕದ್ದೆ?"

ಅವಳು ಅಕ್ಕನ ಹೆಗಲಲ್ಲಿ ಮುಖ ಹುದುಗಿಸಿ ಬಿಕ್ಕಿದಳು.

ಅವನು ಸದ್ದಿಲ್ಲದೆ ಹೊರಟಿದ್ದ. ಮೆಟ್ಟಿಲ ಬಳಿ ಓಡಿ ಹಿಡಿದಳು.

"ಇಷ್ಟು ದಿನ ಒಂದು ಮಾತು ಹೇಳಬಾರದಿತ್ತಾ?"

"ಬೆಸೆದದ್ದು ನಿಲ್ಲದಿದ್ರೆ ನಿಮಗೆ ಮುಖ ತೋರ್ಸೋದು ಹೇಗೆ ಅಂತ... ಅಕ್ಕನಿಗೋಸ್ಕರ ಮಾಡ್ದೆ ಅಂದ್ರೆ ಅರ್ಧ ಸುಳ್ಳು. ಕಣ್ಮುಂದೆ ಇದ್ದದ್ದು ನಿಮ್ಮ ಮುಖ."

ಅವಳು ಅವನ ಸುಟ್ಟ ಬೆರಳತುದಿಗಳನ್ನು ನೋಡಿದಳು.

"ಆ ತಂತಿ ಎಷ್ಟು ದಿನ ತಡಿಯುತ್ತೆ?"

"ಗೊತ್ತಿಲ್ಲ. ಬಿಟ್ರೆ ಹೇಳಿ, ಬರ್ತೀನಿ."

"ಬಿಟ್ರೆ ಮಾತ್ರಾನಾ?"

ಅವನು ತಲೆಯೆತ್ತಿದ. "ಬಿಡದಿದ್ರೂ... ಬರ್ಲಾ?"

"ನಾಳೆನೇ ಬನ್ನಿ."