ಕೊನೆಯಿಲ್ಲದ ಮರಣ

"ಡಾಕ್ಟ್ರಮ್ಮಾ, ನಾನು ಕಳ್ಳ ಅಲ್ಲ. ನೀವಾದ್ರೂ ನಂಬಿ!"

ಟೈಲರ್ ಬಾಗಿಲಲ್ಲೇ ಕುಸಿದು ಕುಳಿತಾಗ ನಾದಿನಿಯ ಕೈಯಲ್ಲಿದ್ದ ಕಾಫಿ ತುಳುಕಿತು. ಅವಳ ಅತ್ತಿಗೆ ಹಲ್ಲಿನ ಡಾಕ್ಟರಾಗಿ ನಿವೃತ್ತರಾದವರು. ಹುಳುಕು ಹಲ್ಲಿನಷ್ಟೇ ಸಲೀಸಾಗಿ ಗುಟ್ಟುಗಳನ್ನೂ ಹೊರಗೆಳೆಯುತ್ತಿದ್ದರಿಂದ ಬೀದಿಯಲ್ಲಿ ಏನೇ ಕಳೆದರೂ ಜನ ಇಲ್ಲಿಗೇ ಬರುತ್ತಿದ್ದರು.

ಸಂಗತಿ ಇಷ್ಟು. ಗಡಿಯಾರ ರಿಪೇರಿ ಅಂಗಡಿಯ ಮಹಡಿಯಲ್ಲಿ ಪ್ರತಿ ಭಾನುವಾರ ಒಗಟಿನ ಪದಬಂಧ ಬಿಡಿಸುವ ಗೆಳೆಯರು ಸೇರುತ್ತಿದ್ದರು. ಪದಬಂಧ ಕಟ್ಟುವವನು ಗಡಿಯಾರದವನು. ಎಲ್ಲರೂ ಮೊದಲು ತಂತಮ್ಮ ಹಾಳೆ ತುಂಬಬೇಕು. ಆಮೇಲೆ, ಉತ್ತರ ಬರೆದವನು ಅದು ಹೇಗೆ ಬಂತೆಂದು ಬಿಡಿಸಿ ಹೇಳಲೇಬೇಕು. ಅಂದು ಅವನು ಮಹಡಿಯ ಮೇಜಿನ ಮೇಲಿಟ್ಟಿದ್ದ ಲಕೋಟೆಯೊಳಗಿನ ಉತ್ತರದ ಹಾಳೆಯೇ ಮಾಯವಾಗಿತ್ತು.

"ಮೊದಲು ಮಹಡಿ ಹತ್ತಿದ್ದು ನಾನು ನಿಜ. ಆಮೇಲೆ ಮೇಷ್ಟ್ರು ಬಂದ್ರು, ನೀರು ಬೇಕು ಅಂದ್ರು, ತರೋಕೆ ಕೆಳಗೆ ಹೋದೆ. ಅಷ್ಟಕ್ಕೆ ಕಳ್ಳ ಆಗ್ಬಿಟ್ಟೆ. ಹೆಂಡ್ತಿ ಹೋದ್ಮೇಲೆ ನಂಗಿರೋದು ಆ ಮೇಜೊಂದೇ. ಇನ್ಮೇಲೆ ಬರಬೇಡ ಅಂದ್ಬಿಟ್ರು!"

"ಮೇಷ್ಟ್ರು ಏನಂದ್ರು?" ಎಂದರು ಅತ್ತಿಗೆ.

"ಏನೂ ಅನ್ಲಿಲ್ಲ. ಈಚೆಗೆ ಅವರು ಮಾತೇ ಕಡಿಮೆ. ಹಾಳೆ ತುಂಬಿಸಿಟ್ಟು, 'ಮೊದ್ಲು ನೀವು ಹೇಳ್ರೋ, ಕೇಳ್ತೀನಿ' ಅಂತಾರೆ."

ಅತ್ತಿಗೆ ಕನ್ನಡಕ ಹಾಕಿಕೊಂಡು ಎದ್ದರು. ನಾದಿನಿಯೂ ಹಿಂದೆಯೇ ಹೊರಟಳು.

ಮಹಡಿಯಲ್ಲಿ ಎಲ್ಲರನ್ನೂ ಕೂರಿಸಿ, ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. "ಟೈಲರ್ ಹಾಳೆ ಅರ್ಧ ಖಾಲಿ. ಉತ್ತರ ಕದ್ದವನ ಹಾಳೆ ಹೀಗಿರುತ್ತಾ?"

"ನಾಟಕ ಡಾಕ್ಟ್ರಮ್ಮ, ಬರೀ ನಾಟಕ," ಎಂದ ಗಡಿಯಾರದವನು.

"ಹಾಗಾದ್ರೆ ಪೂರ್ತಿ ತುಂಬಿದ್ದನ್ನ ನೋಡೋಣ. ಒಗಟು ಬಿಡಿಸೋನು ಮಂಗನ ಹಾಗೆ ಅಲ್ಲಿಂದಿಲ್ಲಿಗೆ ಹಾರ್ತಾನೆ. ಹೊಳೆದದ್ದು ಮೊದಲು, ಹೊಳೆಯದ್ದು ಆಮೇಲೆ. ಇಲ್ಲಿ ಮೇಲಿನ ಸಾಲಲ್ಲಿ ಪೆನ್ಸಿಲ್ ಗೆರೆ ಕೂದಲಿನಷ್ಟು ಸಣ್ಣ. ಕೆಳಗಿಳಿದ ಹಾಗೆಲ್ಲ ಒಂದೇ ಸಮ ದಪ್ಪ ಆಗ್ತಾ ಹೋಗಿದೆ. ಹಲ್ಲಿನ ಹಾಗೇ ಪೆನ್ಸಿಲ್ ಮೊನೇನೂ ಸವೆಯುತ್ತೆ. ಇದು ಸಾಲು ಹಿಡಿದು, ಪಕ್ಕದಲ್ಲಿ ಉತ್ತರ ಇಟ್ಕೊಂಡು, ನೋಡಿ ಬರೆದದ್ದು."

ಗಡಿಯಾರದವನು ಬಗ್ಗಿ ಹೆಸರು ಓದಿದ. ಅಲ್ಲಿದ್ದ ಎಲ್ಲರಿಗೂ ಪದಬಂಧ ಕಲಿಸಿದ ಮೇಷ್ಟ್ರ ಹಾಳೆ ಅದು.

"ಟೈಲರನ್ನ ನೀರಿಗೆ ಕಳಿಸಿದಾಗ ಕೋಣೆಯಲ್ಲಿ ಇದ್ದದ್ದು ನೀವೊಬ್ಬರೇ, ಮೇಷ್ಟ್ರೇ," ಅತ್ತಿಗೆಯ ದನಿ ತಗ್ಗಿತು. "ಒಂದೇ ಒಂದು ಬಿಡಿಸಿ ಹೇಳಿ, ನನ್ನ ಮಾತು ಸುಳ್ಳಾಗ್ಲಿ. 'ಕೊನೆಯಿಲ್ಲದ ಮರಣ ನೆರಳು ಕೊಡುತ್ತದೆ.' 'ಮರ' ಅಂತ ಬರೆದಿದ್ದೀರಿ. ಹೇಗೆ?"

ಮೇಷ್ಟ್ರು ತಮ್ಮದೇ ಅಕ್ಷರವನ್ನು ತುಂಬ ಹೊತ್ತು ನೋಡಿದರು. ಕೊನೆಗೆ ಜೇಬಿನಿಂದ ಮಡಚಿದ ಹಾಳೆ ತೆಗೆದು ಮೇಜಿನ ಮೇಲಿಟ್ಟರು.

"ವರ್ಷ ಆಯ್ತಮ್ಮ. ಅಕ್ಷರ ಕಾಣುತ್ತೆ, ಒಳಗೆ ಹೋಗೋಕೆ ಬಾಗಿಲೇ ಸಿಗಲ್ಲ. ಇವನನ್ನ ಬೈತಾ ಇದ್ರೂ ಸುಮ್ಮನೆ ಕೂತಿದ್ದೆ. ಪಾಪಿ ನಾನು."

"ಮರಣದ ಕೊನೆ ಅಕ್ಷರ ತೆಗೆದ್ರೆ ಮರ ಅಲ್ವಾ, ಮೇಷ್ಟ್ರೇ?" ಎಂದ ಟೈಲರ್ ಮೆಲ್ಲಗೆ. "ನೀವೇ ಕಲಿಸಿದ ಉಪಾಯ."

"ನಾನೇ ಕಲಿಸಿದ್ದೇನಪ್ಪಾ?" ಎಂದು ಮೇಷ್ಟ್ರು ಮಗುವಿನ ಹಾಗೆ ಕೇಳಿದರು.

ಗಡಿಯಾರದವನು ಟೈಲರನ ಕೈ ಹಿಡಿದುಕೊಂಡ. "ತಪ್ಪಾಯ್ತು ಮಾರಾಯ. ನಿನ್ನ ಜಾಗ ನಿಂದೇ. ಮುಂದಿನ ವಾರ ಬಾ."

"ಮೇಷ್ಟ್ರಿಲ್ದೆ ಯಾರ ಮುಂದೆ ಕೂತ್ಕೊಳ್ಳೋಕೆ ಬರ್ಲಿ?" ಟೈಲರ್ ಕೈ ಬಿಡಿಸಿಕೊಂಡ. "ನಾನೇ ಕಳ್ಳ ಅಂದಿದ್ರೆ ಚೆನ್ನಾಗಿತ್ತು, ಡಾಕ್ಟ್ರಮ್ಮ."

ಅವನು ಮೇಷ್ಟ್ರನ್ನು ಎಬ್ಬಿಸಿ, ಹೆಗಲಿಗೆ ಕೈ ಕೊಟ್ಟು, ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋದ. ನಾದಿನಿ ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ಹಾಳೆಗಳನ್ನೆಲ್ಲ ಬೋರಲು ಹಾಕಿ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.