ಅಜ್ಜಿಯರ ದನಿಯ ಪೆಟ್ಟಿಗೆ

ಬೀರುವಿನಲ್ಲಿ ಪೆಟ್ಟಿಗೆ ಇರಲಿಲ್ಲ. ಧೂಳಿನ ನಡುವೆ ಅದು ಕೂತಿದ್ದ ಜಾಗ ಮಾತ್ರ ಚೌಕಾಕಾರವಾಗಿ ಹೊಳೆಯುತ್ತಿತ್ತು.

ನೊಯೆಮಿ ಗಸ್ತಾಲ್ದಿ ಬಾಗಿಲು ಮುಚ್ಚಿ ಮತ್ತೆ ತೆರೆದಳು. ಇನ್ನೊಮ್ಮೆ ನೋಡಿದರೆ ಇರಬಹುದೇನೋ ಎಂಬಂತೆ. ಇಲ್ಲ.

"ಟೀಚರ್, ಎಲ್ಲಿ ಪೆಟ್ಟಿಗೆ?" ಹಿಂದೆ ನಿಂತಿದ್ದ ಲಿವಿಯೊ ತೋಸ್ಕೊ ಕೇಳಿದ. ರಾಜಧಾನಿಯ ಇಟಾಲಿಯನ್ ಸಂಸ್ಕೃತಿ ಸಂಸ್ಥೆಯವನು. ಆ ಪೆಟ್ಟಿಗೆಯನ್ನು ಇಟಲಿಗೆ ಕಳಿಸಲೆಂದೇ ಬ್ಯೂನಸ್ ಐರಿಸ್‌ನಿಂದ ಈ ಗೋಧಿಯ ಬಯಲಿಗೆ ಬಂದಿದ್ದ.

ಪೆಟ್ಟಿಗೆಯಲ್ಲಿದ್ದದ್ದು ಟೇಪುಗಳು. ನೊಯೆಮಿಗಿಂತ ಮೊದಲು ಇದೇ ಶಾಲೆಯಲ್ಲಿ ಇಟಾಲಿಯನ್ ಕಲಿಸುತ್ತಿದ್ದ ಅವಳ ಅಪ್ಪ, ಮನೆಮನೆಗೆ ಯಂತ್ರ ಹೊತ್ತುಕೊಂಡು ಹೋಗಿ ಇಟಲಿಯಿಂದ ವಲಸೆ ಬಂದ ಊರಿನ ಮುದುಕಿಯರ ಮಾತನ್ನು ಹಿಡಿದಿಟ್ಟಿದ್ದರು. ಆ ಮುದುಕಿಯರಲ್ಲಿ ಒಬ್ಬರೂ ಈಗ ಬದುಕಿಲ್ಲ.

ಸುದ್ದಿ ಕೇಳಿ, ಶಾಲೆ ನಡೆಸುವ ಇಟಾಲಿಯನ್ ಸಂಘದ ಅಧ್ಯಕ್ಷ ದೊನ್ ಅನ್ಸೆಲ್ಮೊ ಪೆರೊತ್ತಿ ಮೆಟ್ಟಿಲು ಹತ್ತಿ ಬಂದರು. ಅವರ ಕಣ್ಣು ಮೊದಲು ಹೋದದ್ದು ಬೀರುವಿಗಲ್ಲ, ನೊಯೆಮಿಯ ಮುಖಕ್ಕೆ.

"ಈ ಪೆಟ್ಟಿಗೆ ಊರು ಬಿಟ್ಟು ಹೋಗಕೂಡದು ಅಂತ ಹೋದ ಸಭೇಲಿ ಕೂಗಾಡಿದ್ದು ಯಾರಮ್ಮಾ?"

"ನಾನೇ. ಕೂಗಾಡಿದೆ. ಕದೀಲಿಲ್ಲ!"

"ನಿನ್ನೆ ಸಂಘದ ಊಟದ ಮಧ್ಯೆ ಎದ್ದು ಮೇಲೆ ಬಂದದ್ದು?"

"ಕುರ್ಚಿ ತರೋಕೆ! ಎಲ್ಲರೂ ನೋಡಿದಾರೆ."

"ಹೌದು, ಎಲ್ಲರೂ ನೋಡಿದಾರೆ," ಎಂದರು ದೊನ್ ಅನ್ಸೆಲ್ಮೊ. "ಮಧ್ಯಾಹ್ನ ಕಮಿಟಿ ಸೇರುತ್ತೆ. ಅಷ್ಟರೊಳಗೆ ಪೆಟ್ಟಿಗೆ ಬರಲಿ. ಇಲ್ಲದಿದ್ದರೆ ನಾಳೆಯಿಂದ ನೀನು ಪಾಠಕ್ಕೆ ಬರೋದು ಬೇಡ."

ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳಬಹುದು. ಆದರೆ ಎಲ್ಲರಿಗೂ ಎಲ್ಲರೂ ಗೊತ್ತಿರುವ ಈ ವಿಲ್ಲಾ ಬೆಲ್ಫೊರ್ತೆಯಲ್ಲಿ ಕಳ್ಳಿ ಎಂಬ ಹೆಸರು ಹೊತ್ತುಕೊಂಡು ಬ್ರೆಡ್ ಕೊಳ್ಳುವುದಕ್ಕಾದರೂ ಹೊರಗೆ ಹೋಗುವುದು ಹೇಗೆ?

ಪೊಲೀಸ್ ಠಾಣೆಯ ಲೆದೆಸ್ಮಾ ಬಂದಾಗ ಅವಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಿದ್ದಳು. ಲೆದೆಸ್ಮಾ ಇಟಾಲಿಯನ್ನರ ಪೈಕಿ ಅಲ್ಲ. ಪಿತ್ತಕೋಶದಲ್ಲಿ ಕಲ್ಲಾಗಿ ಹಾಲು, ಬೇಯಿಸಿದ ಅಕ್ಕಿಯಲ್ಲೇ ದಿನ ತಳ್ಳುತ್ತಿದ್ದ ನಿಧಾನದ ಮನುಷ್ಯ. ಬಂದವನೇ ಕಿಟಕಿ ಪೂರ್ತಿ ತೆರೆದ.

"ಅಬ್ಬಾ! ನಿನ್ನೆ ಇಡೀ ಊರೇ ಬಾನ್ಯಾ ಕಾವುದಾ ತಿಂದಿದೆ ಅಂತ ಕಾಣುತ್ತೆ."

"ಚಳಿಗಾಲದ ಊಟ ಅಲ್ವಾ," ಎಂದಳು ಕೆಳಗಿನಿಂದ ಬಂದ ಅಡುಗೆಯ ಇರ್ಮಾ. "ನಿನಗೆ ಹೊಟ್ಟೆಕಿಚ್ಚು ಕಣಪ್ಪಾ. ಹಾಲು ಕುಡಿಯೋ ಮಗು ನೀನು."

"ಎರಡು ಹಂಡೆ ಇಟ್ಟಿದ್ದೆಯಂತೆ?"

"ಒಂದು ದೊಡ್ಡ ಕೋಣೆಗೆ, ಒಂದು ಹಿಂದಿನ ಜಗುಲಿಗೆ. ಬೆಳ್ಳುಳ್ಳಿ, ಉಪ್ಪುಮೀನು, ಕೆನೆ. ಸುತ್ತ ನಿಂತು ತರಕಾರಿ ಅದ್ದಿ ಅದ್ದಿ ತಿಂದರು. ತಳ ಕೆರೆದು ಇಟ್ಟರು ನೋಡು, ತೊಳೆಯೋ ಕೆಲಸಾನೇ ಉಳೀಲಿಲ್ಲ."

ಬೀರುವಿನ ಬೀಗ ಮುರಿದಿರಲಿಲ್ಲ. ಕೀಲಿ ಇರುತ್ತಿದ್ದುದು ಮೇಜಿನ ಸೆಳೆಖಾನೆಯಲ್ಲಿ. ಗೊತ್ತಿದ್ದವರು ನೊಯೆಮಿ, ಅಧ್ಯಕ್ಷರು, ಮತ್ತು ಮೊನ್ನೆ ಬಂದು ಪೆಟ್ಟಿಗೆ ಪರೀಕ್ಷಿಸಿದ್ದ ತೋಸ್ಕೊ.

ಲೆದೆಸ್ಮಾ ಕುರ್ಚಿ ಎಳೆದುಕೊಂಡ. "ಒಬ್ಬೊಬ್ಬರೇ ಬನ್ನಿ. ಹತ್ತಿರ ಕೂತ್ಕೊಳ್ಳಿ, ಕಿವಿ ಸ್ವಲ್ಪ ಮಂದ. ಟೀಚರ್, ನೀವು ಇಲ್ಲೇ ಇರಿ."

ತೋಸ್ಕೊ ಸಿಡುಕುತ್ತಲೇ ಕೂತ. "ನಾನ್ಯಾಕೆ ಕದೀಲಿ? ಹೇಗೂ ಇವತ್ತು ನನ್ನ ಕೈಗೇ ಬರ್ತಿತ್ತಲ್ಲ!"

"ನಿನ್ನೆ ಎಲ್ಲಿದ್ರಿ?"

"ದೊಡ್ಡ ಕೋಣೇಲಿ. ಕೆನೆ ಹಾಕಿದ್ದು ನೋಡಿ ಎದೆ ನಿಂತಂಗಾಯ್ತು. ಇಟಲೀಲಿ ಯಾರೂ ಹಾಕಲ್ಲ. ಆದ್ರೂ ತಿಂದೆ, ನಾಲ್ಕು ಜನರಷ್ಟು."

"ಅಧ್ಯಕ್ಷರು ನಿಮ್ಮ ಜೊತೆ ಇದ್ರಾ?"

"ಅವರು ಜಗುಲಿಯ ಹಂಡೆ ಹತ್ತಿರ ಇದ್ರು ಅನ್ಸುತ್ತೆ."

ಇರ್ಮಾ ಜಗುಲಿಯಲ್ಲಿದ್ದವಳು. ಅವಳನ್ನು ಕೇಳಿದರೆ, "ದೊನ್ ಅನ್ಸೆಲ್ಮೊನಾ? ದೊಡ್ಡವರ ಜೊತೆ ದೊಡ್ಡ ಕೋಣೇಲಿ ಇದ್ದಿರಬೇಕು. ಕೊನೆಗೆ ವೈನ್ ಎತ್ತೋವಾಗ ಬಂದ್ರಲ್ಲ," ಎಂದಳು.

ನೊಯೆಮಿ ಗಡಿಯಾರ ನೋಡಿದಳು. ಅಂಗಳದಲ್ಲಿ ಆಗಲೇ ಕಮಿಟಿಯವರ ಮಾತು ಕೇಳಿಸುತ್ತಿತ್ತು.

ಕೊನೆಗೆ ದೊನ್ ಅನ್ಸೆಲ್ಮೊ ಬಂದು ಕೂತರು. ಇಸ್ತ್ರಿ ಮಾಡಿದ ಕೋಟು. ಆದರೆ ಕಣ್ಣು ಕೆಂಪು.

"ಊಟ ಹೇಗಿತ್ತು ದೊನ್ ಅನ್ಸೆಲ್ಮೊ?"

"ಊಟದ ವಿಷಯ ಈಗ ಯಾಕೆ?"

"ನನಗಂತೂ ತಿನ್ನೋ ಹಾಗಿಲ್ಲ. ಕೇಳಿಯಾದ್ರೂ ಖುಷಿಪಡ್ತೀನಿ. ಇನ್ನೂ ಹತ್ತಿರ ಬನ್ನಿ, ಸರಿಯಾಗಿ ಕೇಳ್ತಿಲ್ಲ."

"ಚೆನ್ನಾಗಿತ್ತು. ಪ್ರತಿ ವರ್ಷದ ಹಾಗೇ ಮೊದಲಿಂದ ಕೊನೇವರೆಗೂ ತಿಂದೆ. ಬ್ರೆಡ್ಡಿನಿಂದ ಹಂಡೆ ಒರೆಸಿದೋನು ನಾನೇ. ಸಾಕಾ?"

"ಸಾಕು," ಎಂದ ಲೆದೆಸ್ಮಾ. ನಂತರ ಬಹಳ ಮೆತ್ತಗೆ, "ಪೆಟ್ಟಿಗೆ ಮನೇಲಿದೆಯಾ?" ಎಂದ.

"ಏನಂದೆ?"

"ನನ್ನ ಕಿವಿ ಚೆನ್ನಾಗೇ ಇದೆ ದೊನ್ ಅನ್ಸೆಲ್ಮೊ. ನನಗೆ ಬೇಕಾಗಿದ್ದು ನಿಮ್ಮೆಲ್ಲರ ಉಸಿರು. ಇರ್ಮಾ ಹತ್ತಿರ ಬಂದ್ಲು, ಬೆಳ್ಳುಳ್ಳಿ. ತೋಸ್ಕೊ, ತಲೆ ತಿರುಗೋಷ್ಟು ಬೆಳ್ಳುಳ್ಳಿ. ಟೀಚರ್, ಬೇಜಾರು ಮಾಡ್ಕೋಬೇಡಿ, ನೀವೂ ಅಷ್ಟೇ. ಹಲ್ಲುಜ್ಜಿದರೆ ಹೋಗೋದಲ್ಲ ಅದು, ಮಾರನೇ ದಿನ ಬೆವರಲ್ಲೂ ಬರುತ್ತೆ. ಎಲ್ಲರೂ ತಿಂದಿದ್ದಕ್ಕೆ ಯಾರಿಗೂ ಯಾರ ವಾಸನೆಯೂ ಗೊತ್ತಾಗಲಿಲ್ಲ. ತಿನ್ನದೇ ಇದ್ದೋನು ಊರಲ್ಲಿ ನಾನೊಬ್ಬನೇ ಅಂದ್ಕೊಂಡಿದ್ದೆ." ಲೆದೆಸ್ಮಾ ನಿಟ್ಟುಸಿರಿಟ್ಟ. "ನಿಮ್ಮ ಹತ್ತಿರ ಬರ್ತಿರೋದು ಬರೀ ಸೋಪಿನ ವಾಸನೆ."

"ಇದೊಂದು ಸಾಕ್ಷಿಯಾ?"

"ಕದ್ದದ್ದಕ್ಕಲ್ಲ. ಸುಳ್ಳು ಹೇಳಿದ್ದಕ್ಕೆ. ಈ ಹಂಡೆಯವರು ನಿಮ್ಮನ್ನ ಆ ಹಂಡೆ ಹತ್ತಿರ ಇದ್ರು ಅಂತಾರೆ, ಆ ಹಂಡೆಯವರು ಈ ಹಂಡೆ ಹತ್ತಿರ ಅಂತಾರೆ. ಊರೆಲ್ಲ ತಿಂತಿದ್ದಾಗ ನೀವೆಲ್ಲಿದ್ರಿ? ಮನೆಗೆ ಹೋಗಿ ನೋಡಲಾ, ನೀವೇ ಹೇಳ್ತೀರಾ?"

ದೊನ್ ಅನ್ಸೆಲ್ಮೊ ಕೋಟಿನ ಗುಂಡಿ ತಿರುವಿದರು.

"ಅದ್ರಲ್ಲಿ ನಮ್ಮಮ್ಮ ಇದಾಳೆ," ಎಂದರು. "ಯಾವ ಟೇಪಲ್ಲಿ ಅಂತ ತಿಳೀಲಿಲ್ಲ. ಇಡೀ ಪೆಟ್ಟಿಗೆ ಹೊತ್ಕೊಂಡು ಹೋದೆ."

"ಕೇಳಿದ್ರಾ?"

"ಯಂತ್ರ ಎಲ್ಲಿದೆ ನನ್ನ ಹತ್ರ? ಒಂದೊಂದೇ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ."

ನೊಯೆಮಿಗೆ ಸಿಟ್ಟು ಉಕ್ಕಿತು. "ಯಂತ್ರ ಇಲ್ಲೇ ಇದೆಯಲ್ಲ! ಒಂದು ಮಾತು ಕೇಳಿದ್ರೆ ನಕಲು ಮಾಡಿ ಕೊಡ್ತಿದ್ದೆ!"

"ಹೇಗೆ ಕೇಳ್ಲಿ? ಅವಳಿಗೆ ಬರ್ತಿದ್ದುದು ನಮ್ಮ ಪಿಯೆಮೊಂತೆ ಸೀಮೆಯ ಹಳ್ಳಿ ಮಾತು ಒಂದೇ. ಅದು ದನ ಕಾಯೋರ ಭಾಷೆ, ಈ ಸಂಘದ ಮನೆಯೊಳಗೆ ಆಡಕೂಡದು ಅಂತ ನಾನೇ ಎಷ್ಟು ಮಕ್ಕಳನ್ನ ಹೊರಗೆ ನಿಲ್ಲಿಸಿದೀನಿ. ಅವಳನ್ನೂ ಯಾವ ಹಬ್ಬಕ್ಕೂ ಇಲ್ಲಿಗೆ ಕರೀಲಿಲ್ಲ. ಈಗ ಅವಳ ದನಿ ಬೇಕು ಅಂತ ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಅದಕ್ಕೆ ನನ್ನನ್ನ ಕಳ್ಳಿ ಮಾಡಿದ್ರಾ?"

ಲೆದೆಸ್ಮಾ ಟೋಪಿ ಕೈಗೆತ್ತಿಕೊಂಡ. "ಟೀಚರ್, ಹೇಳಿ. ದೂರು ಬರ್ಕೊಳ್ಲಾ?"

ನೊಯೆಮಿ ಅಂಗಳದ ಕಡೆ ನೋಡಿದಳು. ಹೆಸರು ಕೆಟ್ಟದ್ದು ಠಾಣೆಯಲ್ಲಲ್ಲ, ಅಲ್ಲಿ. "ಬೇಡ. ಇವರು ಪೆಟ್ಟಿಗೆ ತರಲಿ. ಆಮೇಲೆ ಕೆಳಗೆ, ಎಲ್ಲರ ಮುಂದೆ, ತಮ್ಮ ಬಾಯಲ್ಲೇ ಹೇಳಲಿ."

ಮಧ್ಯಾಹ್ನ ಕಮಿಟಿ ಕೂತಿತು. ಪೆಟ್ಟಿಗೆ ಮೇಜಿನ ಮೇಲಿತ್ತು. ಅಧ್ಯಕ್ಷರ ಕುರ್ಚಿಯ ಕೈ ಬಿಗಿಯಾಗಿ ಹಿಡಿದು ದೊನ್ ಅನ್ಸೆಲ್ಮೊ ಎಂದಿನಂತೆ ಶುದ್ಧ ಇಟಾಲಿಯನ್‌ನಲ್ಲಿ ಆರಂಭಿಸಿದರು: "ಮಾನ್ಯ ಸದಸ್ಯರೇ..." ಅಲ್ಲಿಗೇ ನಿಂತರು. ಆಮೇಲೆ ಬಂದದ್ದು ಅಮ್ಮನ ಮಾತು.

"ತಗೊಂಡೋನು ನಾನು ಕಣ್ರೋ. ಈ ಹುಡುಗಿ ಅಲ್ಲ."

ಹಿಂದಿನ ಬೆಂಚಿನ ಮುದುಕರೆಲ್ಲ ತಲೆ ಎತ್ತಿದರು. ಆ ಗೋಡೆಗಳೊಳಗೆ ಆ ಮಾತು ಇಷ್ಟು ಗಟ್ಟಿಯಾಗಿ ಯಾರೂ ಆಡಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಇರ್ಮಾ ಅದೇ ಮಾತಿನಲ್ಲಿ ಉತ್ತರಿಸಿದಳು.

"ಹಾಗಾದ್ರೆ ಆ ಕುರ್ಚಿ ಬಿಟ್ಟು ಏಳು, ಅನ್ಸೆಲ್ಮೊ. ಬಂದು ನಮ್ಮ ಜೊತೆ ಕೂತ್ಕೋ."

ಅವರು ಎದ್ದು ಹಿಂದಿನ ಬೆಂಚಿಗೆ ನಡೆದರು. ಮುದುಕರು ಸರಿದು ಜಾಗ ಕೊಟ್ಟರು. ನೊಯೆಮಿ ಮೊದಲ ಟೇಪನ್ನು ಯಂತ್ರಕ್ಕೆ ಸಿಕ್ಕಿಸತೊಡಗಿದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.